ಮೌಸಿನ ಮೇಲಿನ ಕೈ

ಬಸ್ಸು ಸವದತ್ತಿ ಬಿಟ್ಟು ಎರಿಭೂಮಿಯ ಬಯಲಿಗೆ ಬೀಳುವ ಹೊತ್ತಿಗೆ ಪ್ರಜ್ಞಾಳ ತುಟಿಗಳು ತಮ್ಮಷ್ಟಕ್ಕೆ ತಾವೇ ಅಲುಗತೊಡಗಿದ್ದವು. ಮೌಸಿನ ಎಡಗಡೆಯ ಬಟನ್ನು, ಎರಡು ಸಲ, ಲಗುಲಗು. ಪಕ್ಕದಲ್ಲಿ ಕುಂತಿದ್ದ ಕಾಯಿಪಲ್ಲೆ ಮಾರುವ ಹೆಂಗಸು ಒಮ್ಮೆ ತಿರುಗಿ ನೋಡಿ, ಈ ಹುಡುಗಿ ಜಪ ಮಾಡುತ್ತಿದೆ ಅಂದುಕೊಂಡವಳಂತೆ ತನ್ನ ಬುಟ್ಟಿಯನ್ನು ಇನ್ನಷ್ಟು ಒಳಗೆ ಎಳೆದುಕೊಂಡಳು. ಪ್ರಜ್ಞಾ ಬಾಯಿ ಮುಚ್ಚಿ ಕಿಟಕಿಗೆ ತಲೆ ಆನಿಸಿದಳು. ರಾತ್ರಿ ಚೆನ್ನಾಗಿಯೇ ನಿದ್ದೆಯಾಗಿತ್ತು. ಆದರೂ ಏಳುವಾಗ ನಿನ್ನೆಯ ದಣಿವು ಹಾಸಿಗೆಯ ಪಕ್ಕದಲ್ಲೇ ಕಾದು ಕುಳಿತಿದ್ದಂತೆ ಎದ್ದು ಅವಳ ಜೊತೆಗೇ ಬಂದಿತ್ತು. ಇಪ್ಪತ್ತೇಳು ವರ್ಷಕ್ಕೆ ಹೀಗೆ ದಣಿಯುವುದು ಸರಿಯೇ ಎಂದು ಅವಳಿಗೇ ಅನುಮಾನ. ಹೊಲದಲ್ಲಿ ದುಡಿದು ಬಂದವರ ದಣಿವಾದರೆ ಮೈಯಲ್ಲಿ ತೋರಿಸಬಹುದು, ಇಲ್ಲಿ ನೋಯುತ್ತದೆ, ಅಲ್ಲಿ ನೋಯುತ್ತದೆ ಎಂದು. ತನ್ನದು ಎಲ್ಲಿದೆ? ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಒಂದು ಖೋಲಿಯಲ್ಲಿ ಕುರ್ಚಿಯ ಹಿಂದೆ ನಿಂತು ಮಾತಾಡುವ ಕೆಲಸ ಅವಳದು. ಅಷ್ಟಕ್ಕೇ ದಣಿಯುವವರನ್ನು ಅವ್ವ ಸೋಮಾರಿ ಅನ್ನುತ್ತಿದ್ದಳು.

ಖೋಲಿಯಲ್ಲಿ ನಾಲ್ಕು ಕಂಪ್ಯೂಟರುಗಳಿದ್ದವು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಧೂಳು ಹೋಗಬಾರದೆಂದು ಒಂದೊಂದಕ್ಕೂ ಹೂವಿನ ಚಿತ್ರದ ಅರಿವೆಯ ಗವಸು. ಬೆಳಿಗ್ಗೆ ಅವನ್ನು ತೆಗೆದು, ಮಡಚಿಟ್ಟು, ಒಂದೊಂದೇ ಚಾಲೂ ಮಾಡಿದರೆ ಮೋಡ ತುಂಬಿದ ನೀಲಿ ಆಕಾಶ ಮೂಡುತ್ತಿತ್ತು. ಕೆಳಗಿನ ಅಂಗಡಿಯಿಂದ ಯೂರಿಯಾದ ವಾಸನೆ ಏರಿ ಬರುತ್ತಿತ್ತು. ಎರಡು ಸಾವಿರದ ಇಸವಿಗೆ ಇನ್ನು ಕೆಲವೇ ತಿಂಗಳು. ಊರಿನ ಕೆಲಸಗಳೆಲ್ಲ ಒಂದೊಂದಾಗಿ ಆ ನೀಲಿಯ ಒಳಗೆ ಹೋಗುತ್ತಿದ್ದವು. ಹತ್ತಿ ದಲಾಲರ ಗುಮಾಸ್ತ ಬರುತ್ತಿದ್ದ, ಲಗ್ನಪತ್ರಿಕೆ ಛಾಪಿಸುವವನು ಬರುತ್ತಿದ್ದ, ಟೈಪಿಂಗ್ ಪಾಸಾದ ಹುಡುಗಿಯರು ಬರುತ್ತಿದ್ದರು, ಈಗ ಒಂದು ಪತ್ತಿನ ಸೊಸೈಟಿಯ ನೌಕರರೂ ಬರತೊಡಗಿದ್ದರು. ಎಲ್ಲರಿಗೂ ಮೊದಲು ಕಲಿಸುವುದು ಒಂದೇ, ಮೌಸು ಹಿಡಿಯುವುದು. ಕೈ ಪಳಗಲೆಂದು ಇಸ್ಪೀಟಿನ ಆಟ ಆಡಿಸುವುದು. ಸೊಸೈಟಿಯ ಬಾಳು ಮೊದಲ ದಿನವೇ, "ವಿಂಡೋಸ್ ಅಂದ್ರ ಕಿಡಕಿ ಅಲ್ರಿ ಟೀಚರ್? ಕಿಡಕ್ಯಾಗ ಕುಂತು ಇಸ್ಪೀಟ್ ಆಡೂದನ್ನ ನಮ್ಮ ಓಣಿಯಾಗ ಪುಕ್ಕಟ ಕಲಸ್ತಾರ," ಎಂದು ಎಲ್ಲರನ್ನೂ ನಗಿಸಿದ್ದ. ಶಂಕರೆಪ್ಪನವರು ಮಾತ್ರ ನಕ್ಕಿರಲಿಲ್ಲ. ಅವರು ಬಿಳಿ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೌಸಿನ ಮೇಲೆ ಇಟ್ಟಿದ್ದ ತಮ್ಮ ಬಲಗೈಯನ್ನು, ಅದು ಯಾರದೋ ಎಂಬಂತೆ ನೋಡುತ್ತಿದ್ದರು.

ಆ ಕೈ ನಡುಗುತ್ತಿತ್ತು. ಮೂವತ್ತು ವರ್ಷ ಖಾತೆಪುಸ್ತಕದಲ್ಲಿ ಮುತ್ತಿನಂಥ ಅಕ್ಷರ ಬರೆದ ಕೈ ಎಂದು ಬಾಳು ಹೇಳಿದ್ದ. ಪೆನ್ನು ಹಿಡಿದರೆ ನಡುಗದ್ದು ಮೌಸು ಹಿಡಿದರೆ ನಡುಗುತ್ತಿತ್ತು. ಒಂದು ಸಲ ಒತ್ತಿ ಇನ್ನೊಂದು ಸಲ ಒತ್ತುವ ನಡುವೆ ಕೈ ಸರಿದು, ಪರದೆಯ ಮೇಲಿನ ಹಳದಿ ಫೋಲ್ಡರು ತೆರೆಯದೆ ಜಾರುತ್ತ ಹೋಗಿ ಎಲ್ಲೋ ಮೂಲೆಯಲ್ಲಿ ನಿಲ್ಲುತ್ತಿತ್ತು. ಕಲಿಯದವರನ್ನು ರಾಮದುರ್ಗದ ಶಾಖೆಗೆ ಹಾಕುತ್ತೇವೆಂದು ಸೊಸೈಟಿಯ ಸೆಕ್ರೆಟರಿ ಹೇಳಿದ್ದರಂತೆ. ಹಾಸಿಗೆ ಹಿಡಿದ ಮುದಿ ತಾಯಿಯನ್ನು ಬಿಟ್ಟು ರಾಮದುರ್ಗಕ್ಕೆ ಹೇಗೆ ಹೋಗುವುದು, ನಿವೃತ್ತಿಗೆ ಉಳಿದದ್ದೇ ಮೂರು ವರ್ಷ, ಎಂದು ಅವರು ಯಾರಿಗೂ ಹೇಳುತ್ತಿರಲಿಲ್ಲ; ಬಾಳು ಹೇಳುತ್ತಿದ್ದ. ಅವರು ಬರೀ, "ಮತ್ತೊಮ್ಮೆ ಹೇಳ್ರಿ ಟೀಚರ್," ಅನ್ನುತ್ತಿದ್ದರು. ಅವಳು ಮತ್ತೊಮ್ಮೆ ಹೇಳುತ್ತಿದ್ದಳು. ಮಾರು ದೂರ ನಿಂತು, ಕೈ ಕಟ್ಟಿಕೊಂಡು, ಬಾಯಿಂದ.

ಉಳಿದವರಿಗೆ ಅವಳು ಹಾಗೆ ಕಲಿಸುತ್ತಿರಲಿಲ್ಲ. ಕುರ್ಚಿಯ ಹಿಂದಿನಿಂದ ಬಾಗಿ ಅವರ ಕೈಯ ಮೇಲೆ ತನ್ನ ಕೈಯಿಟ್ಟು, ತನ್ನ ಬೆರಳಿಂದ ಅವರ ಬೆರಳನ್ನು ಟಕ್ ಟಕ್ ಎಂದು ಎರಡು ಸಲ ಒತ್ತಿಬಿಟ್ಟರೆ ಮುಗಿಯಿತು, ಮೈಗೆ ತಿಳಿದುಬಿಡುತ್ತಿತ್ತು. ಮೊದಮೊದಲು ಗಂಡಸರ ಕೈ ಮುಟ್ಟಲು ಅಳುಕಿದ್ದಳು. ಆಮೇಲೆ ಅದು ನರ್ಸು ನಾಡಿ ಹಿಡಿದಷ್ಟೇ ಆಗಿ, ಎಷ್ಟೋ ಕೈಗಳ ಬಿಸಿ, ಬೆವರು, ಒರಟು ಎಲ್ಲ ಒಂದೇ ಆಗಿಹೋಗಿದ್ದವು. ಶಂಕರೆಪ್ಪನವರು ಒಳಗೆ ಬಂದು ಚಪ್ಪಲಿ ಬಿಟ್ಟ ದಿನ ಮಾತ್ರ, ಹೆಸರು ಕೇಳುವ ಮೊದಲೇ, ಅವರ ಉದ್ದ ಮೂಗಿನಿಂದ ಅವಳು ಗುರುತು ಹಿಡಿದಿದ್ದಳು. ಹೂಲಿಯ ಓಣಿ. ಅಪ್ಪನ ಅವ್ವ, ಆಯಿ ಕಾಡವ್ವನ ಜೊತೆ ಸಾವಕಾರರ ಮನೆಯ ಹಿಂದಿನ ದನದ ಕೊಟ್ಟಿಗೆಗೆ ಕಸ ತೆಗೆಯಲು ಹೊರಟಿದ್ದಾಳೆ. ಸಾಲೆಯ ಸೂಟಿಗೆಂದು ಅಪ್ಪ ಸವದತ್ತಿಯಿಂದ ತಂದು ಬಿಟ್ಟುಹೋದ ಏಳು ವರ್ಷದ ಹುಡುಗಿ. ತಿರುವಿನಲ್ಲಿ ಸೈಕಲ್ಲಿನ ಗಂಟೆ. "ಸಣ್ಣ ಸಾವಕಾರ್ರು ಬರಾಕತ್ತಾರ, ಸರಿ," ಎಂದು ಆಯಿಯ ಅಂಗೈ ಎದೆಯ ಮೇಲೆ ಬಿದ್ದು ಅವಳನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಸೈಕಲ್ಲು ಹಾದು ಹೋಗುತ್ತದೆ. ಮೇಲೆ ಕೂತವನ ಉದ್ದ ಮೂಗಿನ ಮೋರೆಯಲ್ಲಿ ಸಿಟ್ಟಿಲ್ಲ, ತಿರಸ್ಕಾರವಿಲ್ಲ. ಗೋಡೆಯನ್ನು ಯಾರು ನೋಡುತ್ತಾರೆ? ಸೈಕಲ್ಲು ದಾಟಿದ ಮೇಲೂ ಆಯಿಯ ಅಂಗೈ ಇನ್ನೊಂದಿಷ್ಟು ಹೊತ್ತು ಎದೆಯ ಮೇಲೇ ಇರುತ್ತದೆ.

"ಯಾ ಊರ್ರಿ ಟೀಚರ್ ನಿಮ್ಮದು?" ಎಂದು ಅವರು ಮೊದಲ ದಿನ ಕೇಳಿದಾಗ ಅವಳು, "ಸವದತ್ತಿ," ಅಂದಿದ್ದಳು. ಸುಳ್ಳೇನಲ್ಲ. ಅಪ್ಪ ಲಗಮಣ್ಣ ಅಲ್ಲಿಯ ಸಾಲೆಯೊಂದರಲ್ಲಿ ಪ್ಯೂನ್ ಆಗಿ, ಬೌದ್ಧ ದೀಕ್ಷೆ ತೆಗೆದುಕೊಂಡು, ಮಗಳಿಗೆ ಈ ಹೆಸರಿಟ್ಟು ಅಲ್ಲೇ ಮನೆ ಮಾಡಿದ್ದ. "ಪ್ರಜ್ಞಾ! ಭಾಳ ಚಲೋ ಹೆಸರು," ಎಂದಿದ್ದರು ಶಂಕರೆಪ್ಪನವರು. ಅರ್ಧ ನಿಜ ಹೇಳಿದ ನಾಲಿಗೆ ಅಂದು ಇಡೀ ದಿನ ಬಾಯಲ್ಲಿ ದಪ್ಪಗಾಗಿತ್ತು. ಕಂಪ್ಯೂಟರ್ ಸೆಂಟರಿನ ಮಾಲಕ ಕಲ್ಮೇಶನಿಗೆ ಎಲ್ಲ ಗೊತ್ತಿತ್ತು. ಒಳ್ಳೆಯವನು. ಕೆಲಸ ಕೊಟ್ಟ ದಿನವೇ ಚಹಾ ತರಿಸಿ, ತನ್ನ ಕಪ್ಪಿನಂಥದೇ ಕಪ್ಪಿನಲ್ಲಿ ಕೊಟ್ಟು, "ನಮ್ಮದೇನೂ ಇಲ್ರಿ. ಮಂದಿ ಮಾತ್ರ ಒಂದ ನಮೂನಿ ಇರತಾರ. ತಾವಾಗೇ ಕೇಳಿದ್ರ ನೋಡೂಣು, ನೀವಾಗೇ ಹೇಳಾಕ ಹೋಗಬ್ಯಾಡ್ರಿ," ಎಂದಿದ್ದ. ಅವಳು ಥ್ಯಾಂಕ್ಸ್ ಹೇಳಿದ್ದಳು. ಯಾವುದಕ್ಕೆ ಹೇಳಿದೆ ಎಂದು ಆಮೇಲೆ ಬಸ್ಸಿನಲ್ಲಿ ಯೋಚಿಸಿದ್ದಳು. ಚಹಾಕ್ಕೋ, ಕೆಲಸಕ್ಕೋ, ಸುಮ್ಮನಿರಲು ಕೊಟ್ಟ ಪರವಾನಗಿಗೋ?

ಬಸ್ಸಿನಲ್ಲಿ ತುಟಿ ಅಲುಗಿದ ಆ ದಿನ ಬ್ಯಾಚು ಮುಗಿದು ಬಾಳು ಮತ್ತು ಉಳಿದವರು ಇಳಿದು ಹೋದರೂ ಶಂಕರೆಪ್ಪನವರು ಏಳಲಿಲ್ಲ. ಮರುದಿನ ಸೆಕ್ರೆಟರಿ ತಾವೇ ಬಂದು ಪರೀಕ್ಷೆ ಮಾಡುವವರಿದ್ದರು. ಫೋಲ್ಡರು ಮತ್ತೆ ಮೂಲೆಗೆ ಹೋಗಿ ನಿಂತಿತ್ತು. ಪ್ರಜ್ಞಾ ಗವಸುಗಳನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು.

"ಟೀಚರ್, ಒಂದ ಮಾತ ಕೇಳಲೇನ್ರಿ? ಸಿಟ್ಟ ಆಗಬಾರದು."

"ಕೇಳ್ರಿ."

"ಎಲ್ಲಾರ ಕೈ ಹಿಡದು ತೋರಸ್ತೀರಿ. ಬಾಳೂಗ ತೋರಿಸಿದ್ರಿ, ಆ ಹತ್ತಿ ಗುಮಾಸ್ತಗ ತೋರಿಸಿದ್ರಿ. ನನಗಷ್ಟ ದೂರ ನಿಂತು ಬಾಯಿಲೆ ಹೇಳ್ತೀರಿ. ನನಗ ಬಾಯಿ ಮಾತು ತಲೀಗೆ ಹೋಗತೈತ್ರಿ, ಕೈಗೆ ಬರವಲ್ದು." ಅವರು ಟೋಪಿಯನ್ನು ತಿರುಗಿಸುತ್ತಿದ್ದರು. "ಮೂಗಿಗೆ ತಪಕೀರು ಏರಸ್ತೇನಿ, ವಾಸನಿ ಬರತೈತೇನೋ ಅಂತ ಎರಡ ದಿನದಿಂದ ಅದನ್ನೂ ಬಿಟ್ಟೇನಿ. ಮತ್ತೇನ್ರಿ? ಮುದುಕನ್ನ ಮುಟ್ಟಿದ್ರ ಮೈಲಿಗಿ ಆಗತೈತೇನ್ರಿ?"

ಕಡೆಯ ಮಾತನ್ನು ಅವರು ನಗುತ್ತಲೇ ಅಂದಿದ್ದರು, ತಮ್ಮ ಅವಮಾನವನ್ನು ತಾವೇ ಹಗುರ ಮಾಡಿಕೊಳ್ಳುವವರ ನಗೆ. ಆದರೆ ಪ್ರಜ್ಞಾಳಿಗೆ ಬಂದ ನಗು ಬೇರೆ. ಅದನ್ನು ತಡೆಯಲು ಗವಸನ್ನು ಬಾಯಿಗೆ ಒತ್ತಿಕೊಂಡಳು, ಹೂವಿನ ಅರಿವೆಯಲ್ಲಿ ಧೂಳಿನ ರುಚಿ. ಶಂಕರೆಪ್ಪನವರ ಮೋರೆ ಸಣ್ಣಗಾಯಿತು. ಆ ಸಣ್ಣಗಾದ ಮೋರೆಯನ್ನು ನೋಡಿ ಅವಳಿಗೆ ಸಂತೋಷವಾಗಬೇಕಿತ್ತು. ಎಷ್ಟೋ ಸಲ ಮನಸ್ಸಿನಲ್ಲಿ ಇಂಥದೊಂದು ಮೋರೆಯನ್ನು ಬರೆದುಕೊಂಡಿದ್ದವಳು ಅವಳು. ಆಗಲಿಲ್ಲ. ಹೊರೆ ಹೊತ್ತವಳಿಗೆ ಇನ್ನೊಂದು ಗಂಟು ಏರಿಸಿದಂತೆ ಆಯಿತು. ಇವರೊಳಗೂ ಇಷ್ಟು ದಿನ ಅದೇ ಕೂತಿತ್ತೇ? ತನ್ನನ್ನು ಯಾಕೆ ಮುಟ್ಟುವುದಿಲ್ಲ ಎಂದು ಮನೆಗೆ ಹೋಗಿ ಅಂಗೈ ಮೂಸಿ ನೋಡಿಕೊಂಡಿದ್ದರೇ? ಇನ್ನು ಸಾಕು ಅನ್ನಿಸಿತು. ಧೈರ್ಯದಿಂದಲ್ಲ, ಮುಚ್ಚಿಟ್ಟುಕೊಂಡ ದಣಿವಿನಿಂದ.

"ನಾ ಸವದತ್ತಿಯಾಕಿ ಅಲ್ರಿ," ಅಂದಳು. "ಮೂಲ ಹೂಲಿ. ಕಾಡವ್ವನ ಮೊಮ್ಮಗಳು."

ಅವರು ಅವಳನ್ನೇ ನೋಡಿದರು. "ಯಾ ಕಾಡವ್ವ?"

"ನಿಮ್ಮ ದನದ ಕೊಟ್ಟಿಗಿ ಕಸ ತಗೀತಿದ್ಲಲ್ರಿ. ಎಡಗಣ್ಣಾಗ ಹೂ ಬಿದ್ದಿತ್ತು. ಸಾಯೂತನಕ ನಿಮ್ಮನ್ಯಾಗ ದುಡದ್ಲು."

ಶಂಕರೆಪ್ಪನವರು ತಿರುಗುತ್ತಿದ್ದ ಫ್ಯಾನನ್ನು ನೋಡಿದರು, ಗೋಡೆಯನ್ನು ನೋಡಿದರು, ಕಣ್ಣು ಕಿರಿದು ಮಾಡಿ ಹುಡುಕಿದರು. ನಿಜವಾಗಿ ಹುಡುಕಿದರು, ಅದು ಅವಳಿಗೆ ಕಂಡಿತು. "ಭಾಳ ಮಂದಿ ಬರತಿದ್ರವ್ವ ಆವಾಗ," ಎಂದರು ಕೊನೆಗೆ. "ನೆನಪ ಆಗವಲ್ದು ನೋಡು."

ಅವಳಿಗೆ ಎರಡು ಸಂಗತಿ ಒಟ್ಟಿಗೇ ತಿಳಿದವು. ತಾನು ಇಪ್ಪತ್ತು ವರ್ಷ ಹೊತ್ತುಕೊಂಡು ತಿರುಗಿದ ಆಯಿ ಇವರ ತಲೆಯಲ್ಲಿ ಎಲ್ಲಿಯೂ ಇರಲಿಲ್ಲ. ಮತ್ತೆ, ಅವರ ಮಾತಿನಲ್ಲಿ ‘ಟೀಚರ್’ ಹೋಗಿ ‘ಅವ್ವ’ ಬಂದಿತ್ತು, ‘ನೋಡ್ರಿ’ ಹೋಗಿ ‘ನೋಡು’ ಬಂದಿತ್ತು. ಊರ ಮಗಳು ಎಂಬ ಸಲಿಗೆಯೋ, ಕಾಡವ್ವನ ಮೊಮ್ಮಗಳಿಗೆ ಇಷ್ಟು ಸಾಕು ಎಂಬುದೋ? ಅವರ ಮೋರೆಯಲ್ಲಿ ಹುಡುಕಿದಳು. ಅಲ್ಲಿ ನೆನಪಾಗದ ಮುದುಕನ ಪೇಚು ಬಿಟ್ಟರೆ ಏನೂ ಇರಲಿಲ್ಲ. ಕೈ ಇನ್ನೂ ಮೌಸಿನ ಮೇಲೇ ಇತ್ತು. "ಅದಿರಲಿ, ತೋರಸು ಮತ್ತ," ಎಂದರು.

ಪ್ರಜ್ಞಾ ಗವಸುಗಳನ್ನು ಮೇಜಿನ ಮೇಲಿಟ್ಟು ಬಾಗಿದಳು. ತನ್ನ ಕೈಯನ್ನು ಅವರ ಕೈಯ ಮೇಲಿಟ್ಟಳು. ತಣ್ಣಗಿತ್ತು. ಚರ್ಮ ಸಡಿಲವಾಗಿ ಎಲುಬಿನ ಮೇಲೆ ಜಾರುತ್ತಿತ್ತು. ನಡುಕ ಅವಳ ಅಂಗೈಯ ಕೆಳಗೆ ಹಕ್ಕಿಮರಿಯಂತೆ ಸ್ವಲ್ಪ ಹೊತ್ತು ಒದ್ದಾಡಿ ನಿಂತಿತು. ಟಕ್ ಟಕ್. ಫೋಲ್ಡರು ತೆರೆಯಿತು. "ಆಹಾ! ಇಷ್ಟ ಹೌದಲ್ಲ!" ಎಂದು ಅವರು ಸಾಲೆಯ ಹುಡುಗನಂತೆ ಅವಳತ್ತ ತಿರುಗಿ ನಕ್ಕರು. ಮುಚ್ಚಿ ಮತ್ತೆ ತೆರೆದರು, ಅವಳ ಕೈ ಮೇಲಿರುವಂತೆಯೇ. ಸಂಜೆ ಬಸ್ಸಿನಲ್ಲಿ ಅವಳು ತನ್ನ ಅಂಗೈಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕುಳಿತಿದ್ದಳು. ಏನೋ ಆಗಿದೆ ಅನ್ನಿಸುತ್ತಿತ್ತು. ಏನಾಯಿತು ಎಂದು ಕೇಳಿಕೊಂಡರೆ, ಒಂದು ಫೋಲ್ಡರು ತೆರೆಯಿತು, ಅಷ್ಟೇ. ಮನೆಯಲ್ಲಿ ಅಪ್ಪನಿಗೆ ಹೇಳಬೇಕೆಂದುಕೊಂಡಳು. ಅವನು, "ಅವರ್‍ನ ಮುಟ್ಟಿದ್ರ ನಮಗೇನ ಸಿಗತೈತಿ?" ಎಂದು ಕೇಳುವ ಮನುಷ್ಯ. ಹೇಳಲಿಲ್ಲ.

ಮರುದಿನ ಸೆಕ್ರೆಟರಿ ಅಮೋಘಸಿದ್ದಪ್ಪನವರು ಅತ್ತರಿನ ವಾಸನೆಯೊಂದಿಗೆ ಬಂದು, ಕಲ್ಮೇಶ ಇಟ್ಟ ಕುರ್ಚಿಯಲ್ಲಿ ಕೂತರು. ಅವರು ಶಂಕರೆಪ್ಪನವರಿಗೆ ಬೀಗರೆಂದು ಬಾಳು ಪ್ರಜ್ಞಾಳ ಕಿವಿಯಲ್ಲಿ ಹೇಳಿದ. ಒಬ್ಬೊಬ್ಬರೇ ಫೋಲ್ಡರು ತೆರೆದು, ತಮ್ಮ ಹೆಸರು ಟೈಪು ಮಾಡಿ, ಉಳಿಸಿ ಮುಚ್ಚಬೇಕು. ಬಾಳು ಮಾಡಿದ. ಇನ್ನಿಬ್ಬರು ಮಾಡಿದರು. ನಡುವೆ ಹೊತ್ತು ಹೋಗಲೆಂದು ಅಮೋಘಸಿದ್ದಪ್ಪನವರು, "ನಿಮ್ಮ ಅಡ್ಡೆಸರ ಏನ್ರಿ ಟೀಚರ್?" ಎಂದು ಕೇಳಿದರು. ಆ ಕಡೆ ಅದು ಯಾರನ್ನೂ ನೋಯಿಸದಂತೆ ಜಾತಿ ಕೇಳುವ ರೀತಿ. ಕಲ್ಮೇಶ ಮೂಲೆಯ ಯುಪಿಎಸ್ ಪೆಟ್ಟಿಗೆಯ ಕಡೆ ನೋಡತೊಡಗಿದ. "ಬರೇ ಎಲ್. ಅಂತ ಬರೀತೇನ್ರಿ, ಅಪ್ಪನ ಹೆಸರಿಂದು," ಅಂದಳು ಪ್ರಜ್ಞಾ. ಹಾಗೆಂದು ಶಂಕರೆಪ್ಪನವರ ಕಡೆ ನೋಡಿದಳು. ಅವರು ತಲೆ ತಗ್ಗಿಸಿ ಟೋಪಿಯ ಅಂಚನ್ನು ಸರಿಮಾಡುತ್ತಿದ್ದರು. ಈ ದಿನ ಒಳಗೆ ಬಂದಾಗ ಅವರು ದೂರದಿಂದಲೇ ಕೈ ಮುಗಿದು, "ನಮಸ್ಕಾರ್ರಿ ಟೀಚರ್," ಎಂದಿದ್ದರು. ‘ರಿ’ ವಾಪಸು ಬಂದಿತ್ತು.

ಅವರ ಸರದಿ. ಕೂತರು. ಒತ್ತಿದರು. ಫೋಲ್ಡರು ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು. ಕುತ್ತಿಗೆಯ ಹಿಂದೆ ಬೆವರಿನ ಗೆರೆ ಇಳಿಯುವುದು ಅವಳಿಗೆ ಕಾಣುತ್ತಿತ್ತು. ಬಾಳು ಕೆಮ್ಮಿದ. ಅಮೋಘಸಿದ್ದಪ್ಪನವರು ಗಡಿಯಾರ ನೋಡಿ, "ಒಮ್ಮೆ ತೋರಸ್ರಿ ಟೀಚರ್, ನಮ್ಮ ಬೀಗರ ಕೈ ಬರೇ ಪೆನ್ನ ಹಿಡದ ಕೈ," ಎಂದು ನಕ್ಕರು. ಪ್ರಜ್ಞಾ ನಿನ್ನೆಯಂತೆಯೇ ಬಾಗಿ ಕೈ ಮುಂದೆ ತಂದಳು. ಶಂಕರೆಪ್ಪನವರ ಕೈ ಮೌಸನ್ನು ಬಿಟ್ಟು, ಬೆಂಕಿ ತಾಗಿದಂತೆ ಹಿಂದೆ ಸರಿದು, ತೊಡೆಯ ಮೇಲೆ ಹೋಗಿ ಬಿತ್ತು.

"ಬ್ಯಾಡ್ರಿ ಟೀಚರ್. ನಾನ ಮಾಡತೇನಿ."

ಅವಳ ಕೈ ಬರಿದಾದ ಮೌಸಿನ ಮೇಲೆ ಗಾಳಿಯಲ್ಲಿ ಉಳಿಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು ಎಂದು ಅವಳಿಗೆ ಅನ್ನಿಸಿತು. ಬೇರೆ ಯಾರಿಗೂ ಅದು ಕಂಡಿರಲಿಕ್ಕಿಲ್ಲ. ಅವರು ಮತ್ತೆ ಮತ್ತೆ ಒತ್ತಿದರು. ಫೋಲ್ಡರು ಪರದೆಯ ತುಂಬ ತಿರುಗಿತು, ತೆರೆಯಲಿಲ್ಲ. ಕೊನೆಗೆ ಅಮೋಘಸಿದ್ದಪ್ಪನವರು ಎದ್ದು ನಿಂತು, "ಏನ ಮಾಡೂದ್ರಿ ಟೀಚರ್? ಬೀಗರು ಅಂತ ನಾ ಬಿಟ್ರ ಮಂದಿ ನನ್ನ ಬಿಡೂದಿಲ್ಲ. ನೀವ ಹೇಳ್ರಿ, ಇವರಿಗೆ ಬರತೈತೋ ಇಲ್ಲೋ?" ಎಂದರು.

ಎಲ್ಲರೂ ಅವಳನ್ನು ನೋಡಿದರು, ಶಂಕರೆಪ್ಪನವರೊಬ್ಬರನ್ನು ಬಿಟ್ಟು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಬಾಯಿಯ ತನಕ ಬಂದಿತ್ತು ಕೂಡ. ರಾಮದುರ್ಗದ ಬಸ್ಸು, ಕೈಯಲ್ಲಿ ಡಬ್ಬಿ ಹಿಡಿದ ಮುದುಕ, ಹಾಸಿಗೆಯಲ್ಲಿ ಅವನ ತಾಯಿ, ಎಲ್ಲ ಕಣ್ಣ ಮುಂದೆ ಬಂದವು. ಅವಳಿಗೆ ಕರುಣೆಯೂ ಹುಟ್ಟಲಿಲ್ಲ. ಸೇಡು ತೀರಿಸಿಕೊಳ್ಳುವುದೂ ಒಂದು ಕೆಲಸ, ಅದಕ್ಕೂ ಮೈಯಲ್ಲಿ ಶಕ್ತಿ ಬೇಕು, ಅಷ್ಟೇ ಅನ್ನಿಸಿತು.

"ಬರತೈತ್ರಿ," ಅಂದಳು. "ನಿನ್ನಿ ನನ್ನ ಮುಂದ ತಗದಿದ್ರು. ಇವತ್ತ ನೀವು ಕುಂತೀರಿ ಅಂತ ಅಂಜಾಕತ್ತಾರ."

ಸೆಕ್ರೆಟರಿ ನಕ್ಕರು. ಪರೀಕ್ಷೆ ಮುಗಿಯಿತು. ಕಲ್ಮೇಶ ಅವರನ್ನು ಸ್ಕೂಟರಿನ ತನಕ ಬಿಡಲು ಹೋದ. ಮುಂದಿನ ಬ್ಯಾಚಿನ ಹುಡುಗಿಯರು ಕಿಲಕಿಲ ಅನ್ನುತ್ತ ಒಳಗೆ ಬಂದು ಕೂತರು. ಪ್ರಜ್ಞಾ ಮೋರೆಗೆ ನೀರು ಹಾಕಿಕೊಳ್ಳಲು ಕೆಳಗಿನ ನಳಕ್ಕೆ ಇಳಿದಳು. ಮೆಟ್ಟಿಲ ತಿರುವಿನಲ್ಲಿ ಶಂಕರೆಪ್ಪನವರು ಒಬ್ಬರೇ ನಿಂತಿದ್ದರು.

"ನೀವ ಹಂಗ ಹೇಳಲಿಲ್ಲಂದ್ರ ನಾ ರಾಮದುರ್ಗಕ್ಕ ಹೋಗಬೇಕಾಗತಿತ್ರಿ."

"ಸುಳ್ಳ ಹೇಳಲಿಲ್ರಿ ನಾ. ನಿನ್ನಿ ತಗದಿದ್ರಿ."

"ನಿನ್ನಿ ತಗದಾವ್ರು ನೀವು." ಅವರು ಏನೋ ಒಳ್ಳೆಯ ಸುದ್ದಿ ಮನೆಯಿಂದ ತಂದವರಂತೆ ಮೋರೆ ಎತ್ತಿದರು. "ನಿನ್ನಿ ಮನಿಗೆ ಹೋಗಿ ನಮ್ಮವ್ವನ್ನ ಕೇಳಿದ್ನಿ. ಆಕಿಗೆ ಒಮ್ಮೊಮ್ಮೆ ನನ್ನ ಹೆಸರ ನೆನಪ ಇರೂದಿಲ್ರಿ. ಕಾಡವ್ವ ಅಂದಕೂಡ್ಲೆ ಎದ್ದ ಕುಂತ್ಲು. ಭಾಳ ಹೊಗಳಿದ್ಲು. ಅಂಥಾ ಹೆಣಮಗಳು ಸಿಗೂದಿಲ್ಲ, ಅಷ್ಟ ವರ್ಷ ದುಡದ್ಲು, ಒಂದ ದಿನಾನೂ ನಮ್ಮ ಹೊಸ್ತಿಲಾ ಮುಟ್ಟಲಿಲ್ಲ ಅಂತ..."

ಮಾತು ಅಲ್ಲಿಗೆ ನಿಂತಿತು. ಮನೆಯಿಂದ ಇಲ್ಲಿಯ ತನಕ ಜೋಪಾನವಾಗಿ ಹೊತ್ತು ತಂದ ಆ ಹೊಗಳಿಕೆಯನ್ನು ಅವರು ಈಗಷ್ಟೇ ತಮ್ಮ ಬಾಯಿಂದ ಕೇಳಿಸಿಕೊಂಡಿದ್ದರು. ಕೆಳಗೆ ಯಾರೋ ಗೊಬ್ಬರದ ಚೀಲವನ್ನು ಗಾಡಿಗೆ ಎಸೆದ ಸದ್ದು.

"ಬೀಗರು ಇದ್ರು ಅಂತ ಕೈ ಸರಿಸಿದ್ನಿ ಅಂದ್ಕೊಂಡಿರಬೇಕು ನೀವು," ಎಂದರು ಆಮೇಲೆ, ಸಣ್ಣ ದನಿಯಲ್ಲಿ. "ಹಂಗ ಅಂದ್ರ ನನಗೂ ಸಲೀಸ ಆಗತೈತಿ. ಖರೇ ಹೇಳ್ಬೇಕಂದ್ರ ಅವರ ಖಬರ ನನಗಿರಲಿಲ್ರಿ. ನಿಮ್ಮ ಕೈ ಬಂತು. ನನ್ನ ಕೈ ತಾನ ಸರೀತು. ನಾ ಸರಸಲಿಲ್ಲ."

ಅವರ ಮಾತು ನಿಜವೆಂದು ಪ್ರಜ್ಞಾಳಿಗೆ ಗೊತ್ತಿತ್ತು. ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು, ಸಿಟ್ಟು ಮಾಡಿಕೊಂಡು ಮನೆಗೆ ಹೋಗಬಹುದಿತ್ತು. ಶಂಕರೆಪ್ಪನವರು ಟೋಪಿಯನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಮುಂದೆ ಚಾಚಿದರು. ಅಂಗೈ ಮೇಲಾಗಿ, ಅವಳಿಗಿಂತ ಒಂದು ಮೆಟ್ಟಿಲು ಕೆಳಗಿನಿಂದ.

"ಈಗ ಹಿಡೀರಿ," ಎಂದರು. "ಈಗ ಸರೀದಂಗ ನೋಡ್ಕೋತೇನಿ."

ಅವಳು ಆ ಅಂಗೈಯನ್ನು ನೋಡಿದಳು. ಪೆನ್ನು ಒತ್ತಿ ಗಟ್ಟಿಯಾದ ಬೆರಳ ತುದಿ, ಉಗುರಿನ ಸಂದಿಯ ಹಳೇ ತಪಕೀರು. ಹಿಡಿಯಬಹುದಿತ್ತು. ಮುದುಕ ಅಳುವುದರಲ್ಲಿದ್ದ. ಹಿಡಿದರೆ ಅವನ ಮನಸ್ಸು ಹಗುರಾಗಿ ಮನೆಗೆ ಹೋಗುತ್ತಾನೆ, ತಾಯಿಗೆ ಗಂಜಿ ಕುಡಿಸುತ್ತಾನೆ, ರಾತ್ರಿ ನಿದ್ದೆ ಮಾಡುತ್ತಾನೆ. ಹಿಡಿಯಲಾರೆ ಎಂದು ಹೇಳಲೂಬಹುದಿತ್ತು. ಹಾಗೆ ಹೇಳಲು ಬೇಕಾದ ಮಾತುಗಳೂ ಅವಳಲ್ಲಿದ್ದವು, ಅಪ್ಪ ಕಲಿಸಿದ ಮಾತುಗಳು. ಯಾವುದನ್ನು ಮಾಡಲಿ ಎಂದು ಅವಳಿನ್ನೂ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಬೆನ್ನಿಗೆ ಸುಣ್ಣದ ಗೋಡೆಯ ತಂಪು ತಾಗಿತು. ಅವಳು ಒಂದು ಹೆಜ್ಜೆ ಹಿಂದೆ ಸರಿದಿದ್ದಳು. ಎರಡೂ ಕೈಗಳು ಹೋಗಿ ಬೆನ್ನ ಹಿಂದೆ, ಸೆರಗಿನಲ್ಲಿ ಸುತ್ತಿಕೊಂಡಿದ್ದವು. ಯಾವಾಗ ಹೋದವು ಎಂದು ಅವಳಿಗೆ ತಿಳಿಯಲಿಲ್ಲ. ಅವಳು ಸರಿಸಿರಲಿಲ್ಲ.

"ಹುಡುಗ್ಯಾರು ಕಾಯಾಕತ್ತಾರ್ರಿ," ಎಂದಳು.

ಮುಖ ತೊಳೆಯದೆಯೇ ತಿರುಗಿ ಮೆಟ್ಟಿಲು ಹತ್ತಿದಳು. ಚಾಚಿದ ಕೈ ಯಾವಾಗ ಕೆಳಗಿಳಿಯಿತು ಎಂದು ನೋಡಲಿಲ್ಲ. ಒಳಗೆ ಹೊಸ ಹುಡುಗಿ ಶೀತಲ, ಮೌಸಿನ ಮೇಲೆ ಕೈಯಿಟ್ಟು, ಪರದೆಯನ್ನೂ ಟೀಚರನ್ನೂ ತಿರುತಿರುಗಿ ನೋಡುತ್ತಿದ್ದಳು. ಪ್ರಜ್ಞಾ ಅವಳ ಕುರ್ಚಿಯ ಹಿಂದೆ ಹೋಗಿ ನಿಂತಳು. ಸೆರಗಿನಿಂದ ಕೈ ಬಿಡಿಸಿಕೊಳ್ಳುವುದಕ್ಕೆ ತುಸು ಹೊತ್ತು ಬೇಕಾಯಿತು.